ಟೀಗೆ ಇಟ್ಟ ಹಾಲು

"ಹಾಲು ಉಕ್ಕಿಸ್ದೆ ಬೀಗದ ಕೈ ಕೊಡಾಕಿಲ್ಲ ಮೇಷ್ಟ್ರೇ," ಎಂದು ಉಜ್ಜಿನಮ್ಮ ಹೊಸ್ತಿಲ ಬಳಿ ಕುಳಿತೇಬಿಟ್ಟರು. ಮನೆ ಅವರದು.

"ನಾವು ಕ್ರೈಸ್ತರು ರೀ. ಪ್ರಾರ್ಥನೆ ಮಾಡಿ ಮನಿ ಸೇರ್ತೀವಿ. ಹಾಲು ಉಕ್ಕಿಸೋ ಪದ್ಧತಿ ನಮ್ಮಲ್ಲಿಲ್ಲ," ಎಂದರು ದೇವದಾನಂ ಮೇಷ್ಟ್ರು.

"ಪ್ರಾರ್ಥನೆ ಮಾಡ್ಕಳಿ, ಬ್ಯಾಡ ಅಂದೋರ್ಯಾರು? ಆದ್ರೆ ಹಾಲು ಮೂಡ್ಲಿಗೆ ಉಕ್ಕಬೇಕು. ಪೂರ್ವ ದಿಕ್ಕು ಒಳ್ಳೇದು. ತೆಂಕ್ಲಿಗೆ ಉಕ್ಕಿದ್ರೆ ಈ ಮನೆ ನಿಮಗೆ ಆಗಿಬರಾಕಿಲ್ಲ ಅಂತ್ಲೇ ಅರ್ಥ. ಹಿಂದಿದ್ದೋರು ಉಕ್ಕಿಸ್ಲೇ ಇಲ್ಲ. ಯುಗಾದಿ ಬರೋದ್ರೊಳಗೆ ಹೋದ್ರು!"

ಹಿಂದಿದ್ದವರನ್ನು ಸರ್ಕಾರ ವರ್ಗ ಮಾಡಿತ್ತು. ಉಜ್ಜಿನಮ್ಮ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೀದಿಯಲ್ಲಿ ಮಿನಿ ಲಾರಿ ನಿಂತಿತ್ತು. ಡ್ರೈವರ್ ಓಬುಲೇಶ್ ಕೂಗಿದ: "ಸಾರ್, ಸಾಮಾನು ಇಳಿಸ್ಲೋ, ವಾಪಸ್ ರಾಯದುರ್ಗಕ್ಕ ಹೊಡೀಲೋ?"

ಮೇಷ್ಟ್ರ ಮಗಳು ಸುವಾರ್ತಾ ಲಾರಿಯ ಕಡೆ ತಿರುಗಿ ನೋಡಿದಳು. ಮಡಕಶಿರಾದಲ್ಲಿ ಅವರು ಬಾಡಿಗೆಗೆ ಕೇಳಿದ ಮೂರನೆಯ ಮನೆ ಇದು. ಮೊದಲ ಮನೆಯವರು ಅಪ್ಪನ ಹೆಸರು ಕೇಳಿದೊಡನೆ, ತಮ್ಮ ಅಳಿಯನೇ ಬರುತ್ತಾನೆ ಎಂದಿದ್ದರು. ಎರಡನೆಯವರಿಗೆ ಇದ್ದಕ್ಕಿದ್ದಂತೆ ಸುಣ್ಣ ಬಳಿಸುವುದು ನೆನಪಾಗಿತ್ತು. ಉಜ್ಜಿನಮ್ಮ ಮಾತ್ರ ಯಾವ ದೇವರೆಂದು ಕೇಳಲಿಲ್ಲ, ಹಾಲೊಂದನ್ನೇ ಕೇಳಿದರು.

ಊರು ಬಿಟ್ಟು ಹೊರಟ ಅಬ್ರಹಾಮನ ಕತೆ ಅವಳಿಗೆ ಸಂಡೇ ಸ್ಕೂಲಿನಿಂದ ಗೊತ್ತಿತ್ತು. ಆದರೆ ಅಬ್ರಹಾಮನ ಬಳಿ ಡೇರೆ ಇತ್ತು. ಬಾಡಿಗೆ ಮನೆ ಹುಡುಕುವ ಪಾಡು ಅವನಿಗಿರಲಿಲ್ಲ.

"ಡ್ರೈವರ್‌ಗೆ ಟೀ ಆದ್ರೂ ಕೊಡಬೇಕಲ್ಲ್ರಿ," ಎಂದು ಅಮ್ಮ ಮೆಲ್ಲಗೆ ಹೇಳಿದಳು. "ಸ್ಟೌ, ಸಿಲಿಂಡರ್ ಅಷ್ಟು ಇಳಿಸಿಕೊಳ್ಳಲಾ?"

ಟೀಗೆ ಉಜ್ಜಿನಮ್ಮನ ಅಡ್ಡಿ ಇರಲಿಲ್ಲ. ಅಪ್ಪನೂ ಒಪ್ಪಿದರು, ಜೊತೆಗೊಂದು ಷರತ್ತು ಹಾಕಿದರು: "ಟೀಗೆ ಇಡು. ಆದ್ರ ಉಕ್ಕಬಾರದು. ಸುವಾರ್ತಾ, ನೀನು ಸ್ಟೌ ಹತ್ರ ನಿಲ್ಲು. ಹಾಲು ಮ್ಯಾಲೆ ಬಂದ ಕೂಡ್ಲೇ ಆಫ್ ಮಾಡು."

ಹಾಲು ಕಾಯುವಷ್ಟರಲ್ಲಿ ಪ್ರಾರ್ಥನೆ ಮುಗಿಸೋಣವೆಂದು ಎಲ್ಲರೂ ಅಡುಗೆಮನೆಯಲ್ಲೇ ನಿಂತರು. ಉಜ್ಜಿನಮ್ಮನೂ ಸೆರಗು ಹೊದ್ದು ಬಂದರು.

"ಕಣ್ಣು ಮುಚ್ರಿ. ಆಮೆನ್ ಅನ್ನೋತನಕ ಯಾರೂ ತೆರೀಬಾರದು," ಎಂದರು ಅಪ್ಪ. ಅದು ಅವರ ನಿಯಮ. ರಾಯದುರ್ಗದಲ್ಲಿ ಒಮ್ಮೆ ಕಣ್ಣು ಬಿಟ್ಟದ್ದಕ್ಕೆ ಸುವಾರ್ತಾ ಇಡೀ ಪ್ರಾರ್ಥನೆಯನ್ನು ಇನ್ನೊಮ್ಮೆ ಕೇಳಬೇಕಾಗಿ ಬಂದಿತ್ತು.

ಅವಳು ಪೇಚಿಗೆ ಸಿಕ್ಕಿದಳು. ಕಣ್ಣು ಮುಚ್ಚಿದರೆ ಹಾಲು ಕಾಣದು. ಹಾಲು ನೋಡಿದರೆ ಕಣ್ಣು ಮುಚ್ಚಿದಂತಾಗದು. ಗಣಿತದ ಮೇಷ್ಟ್ರಾದ ಅಪ್ಪ ಬಿಡಿಸಲಾಗದ ಲೆಕ್ಕವೊಂದನ್ನು ಕೊಟ್ಟುಬಿಟ್ಟಿದ್ದರು.

"ಕರ್ತನೇ, ಈ ಹೊಸ ಊರಿಗೆ ನಮಗಿಂತ ಮುಂಚೆ ನೀನೇ ಬಂದಿದ್ದೀ..." ಅಪ್ಪನ ಪ್ರಾರ್ಥನೆ ದಾರಿಯ ಊರುಗಳನ್ನೆಲ್ಲ ನೆನೆಯುತ್ತ ನಿಧಾನವಾಗಿ ಸಾಗಿತು.

ಸುಂಯ್ ಎಂಬ ಸದ್ದು. ಸುವಾರ್ತಾ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದಳು. ಹಾಲು ಪಾತ್ರೆಯ ಅಂಚಿಗೆ ಬಂದು ನಡುಗುತ್ತಿತ್ತು. ಕೈ ಸ್ಟೌವಿನವರೆಗೆ ಹೋಯಿತು. ಅಲ್ಲೇ ನಿಂತಿತು. ಹೊರಗೆ ಲಾರಿಯಲ್ಲಿ ಅವಳ ಸ್ಕೂಲ್ ಬ್ಯಾಗು, ಹಾಸಿಗೆ, ಸೈಕಲ್ಲು ಎಲ್ಲವೂ ಕಾಯುತ್ತಿದ್ದವು.

ಅವಳು ಕೈ ಹಿಂದಕ್ಕೆಳೆದುಕೊಂಡಳು. ಕಣ್ಣನ್ನೂ ಮುಚ್ಚಿದಳು.

ಹಾಲು ಬುಸ್ಸೆಂದು ಉಕ್ಕಿತು.

"ಆಮೆನ್," ಎಂದರು ಅಪ್ಪ, ಎಂದಿಗಿಂತ ಬೇಗ. ತಾವೇ ಸ್ಟೌ ಆರಿಸಿದರು.

ಉಜ್ಜಿನಮ್ಮ ಕಣ್ಣು ಬಿಟ್ಟು, ಬಾಗಿ ನೋಡಿದರು. ಹಾಲೆಲ್ಲ ಕಟ್ಟೆಯ ತೆಂಕಣ ಮೂಲೆಯಲ್ಲಿ ನಿಂತಿತ್ತು. ಅವರ ಮುಖ ಬಾಡಿತು. "ಅಯ್ಯೋ, ತೆಂಕ್ಲಿಗೆ ಉಕ್ಕೈತಲ್ಲ ಮೇಷ್ಟ್ರೇ! ಇನ್ನೇನು ಮಾಡಾನ?"

ಸುವಾರ್ತಾ ಆ ಮೂಲೆಯನ್ನೇ ನೋಡಿದಳು. ತಾನು ಮಾಡಿದ ತಪ್ಪೂ ದಂಡವಾಯಿತು.

ಅಪ್ಪ ಗಂಟಲು ಸರಿಮಾಡಿಕೊಂಡರು. ತಪ್ಪು ಉತ್ತರವನ್ನು ಹಾಗೇ ಬಿಟ್ಟು ಅವರಿಗೆ ಅಭ್ಯಾಸವಿರಲಿಲ್ಲ.

"ಇಲ್ಲ್ರಿ ಅಮ್ಮಾ. ಉಕ್ಕಿದ್ದು ಪೂರ್ವಕ್ಕ. ಕಟ್ಟೆ ಇಳಿಜಾರೈತಿ, ಅದಕ್ಕ ಆಮ್ಯಾಲೆ ದಕ್ಷಿಣಕ್ಕ ಹರೀತು."

ಸುವಾರ್ತಾ ತಟ್ಟನೆ ಅಪ್ಪನ ಕಡೆ ತಿರುಗಿದಳು.

"ಹೌದಾ? ನಾನು ನೋಡ್ಲಿಲ್ಲ ಕಣಪ್ಪ," ಎಂದರು ಉಜ್ಜಿನಮ್ಮ. "ನೀವು ಹೇಳಿದ್ರಲ್ಲ, ಗಟ್ಟಿಯಾಗಿ ಕಣ್ಣು ಮುಚ್ಕಂಡಿದ್ದೆ. ನೀವು ನೋಡಿದ್ರಾ?"

"ನೋಡಿದೆ ರೀ," ಎಂದರು ಅಪ್ಪ. ಅವರ ಕಿವಿ ಕೆಂಪಾಗಿತ್ತು.

"ಮೇಷ್ಟ್ರು ಸುಳ್ಳು ಹೇಳ್ತಾರಾ! ಮೂಡ್ಲಿಗೇ ಉಕ್ಕೈತೆ ಬಿಡಿ." ಉಜ್ಜಿನಮ್ಮ ಸೊಂಟದಿಂದ ಬೀಗದ ಕೈ ತೆಗೆದು ಸುವಾರ್ತಾಳ ಅಂಗೈಯಲ್ಲಿಟ್ಟರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಟೀಗೆ ಹಾಲು ಉಳಿದಿದೆಯೇ ಎಂದು ಪಾತ್ರೆಯನ್ನು ಬಹಳ ಹೊತ್ತು ಪರೀಕ್ಷಿಸಿದಳು.

ಅಪ್ಪ ಬಟ್ಟೆ ಹಿಡಿದು ಕಟ್ಟೆ ಒರೆಸತೊಡಗಿದರು. ಸುವಾರ್ತಾ ಇನ್ನೊಂದು ಬಟ್ಟೆ ತಂದು ಪಕ್ಕದಲ್ಲಿ ನಿಂತಳು. ಸ್ಟೌ ಯಾಕೆ ಆಫ್ ಮಾಡಲಿಲ್ಲವೆಂದು ಅವರು ಕೇಳಲಿಲ್ಲ. ಅವಳೂ ಏನನ್ನೂ ಕೇಳಲಿಲ್ಲ.

ಆ ಸಂಜೆ, ಸಾಮಾನುಗಳ ನಡುವೆ, ಊಟಕ್ಕೆ ಮುಂಚೆ ಪ್ರಾರ್ಥನೆ. ಕಣ್ಣು ಮುಚ್ಚಿರೆಂದು ಅಪ್ಪ ಹೇಳಲಿಲ್ಲ. ಸುವಾರ್ತಾ ತಾನಾಗಿಯೇ ಎರಡೂ ಕಣ್ಣು ಮುಚ್ಚಿದಳು. ಆಮೆನ್ ಎನ್ನುವವರೆಗೆ ಅಪ್ಪನ ಕಡೆ ನೋಡಲಿಲ್ಲ.