ತುಂಬಿಸಿ ಕೊಡುವ ಕೊಪ್ಪರಿಗೆ

ತಿಥಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು.

ಬೆಳಿಗ್ಗೆ ಹಟ್ಟಿಯ ಕುರಿಗಳು ಎಂದಿನಂತೆ ಮೇವಿಗೆ ಹೊರಟವು. ಯಾರದೋ ಮನೆಯಲ್ಲಿ ಒಗ್ಗರಣೆ ಸಿಡಿಯಿತು. ಜಯಶೀಲಾ ಪೊರಕೆ ಹಿಡಿದು ಅಂಗಳಕ್ಕೆ ಬಂದಳು. ಏನೂ ಆಗಿಲ್ಲವೇನೋ ಎಂಬಂತೆ ಬೆಳಗಾಗಿತ್ತಲ್ಲ!

ಗುಡಿಸುತ್ತಿದ್ದವಳು ತಲೆಯೆತ್ತಿದಾಗ ಗೇಟಿನ ಬಳಿ ಗಿರೀಶ್ ನಿಂತಿದ್ದ. ತೀರಿಹೋದ ಗಂಡ ತಿಮ್ಮೇಶನ ಗೆಳೆಯ. ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ. ಅವನ ಕಣ್ಣು ಗೋಡೆಗೆ ಒರಗಿಸಿದ್ದ ದೊಡ್ಡ ತಾಮ್ರದ ಕೊಪ್ಪರಿಗೆಯ ಮೇಲಿತ್ತು.

“ಮೇಡಂ... ಆ ಕೊಪ್ಪರಿಗೆ...”

“ಕೊಡಲ್ಲ!”

ಅಷ್ಟು ದಿನದಲ್ಲಿ ಅವಳು ಜೋರಾಗಿ ಆಡಿದ ಮೊದಲ ಮಾತು ಅದು. ಅವಳಿಗೇ ಅಚ್ಚರಿಯಾಯಿತು.

“ನಾನು ಕೇಳಾಕ್ ಬಂದಿದ್ದು...”

“ನಿಮ್ಮಪ್ಪ ಕಳ್ಸಿದ್ರಲ್ವಾ? ಕೊಡಲ್ಲ ಅಂತ ಹೇಳಿ, ಹೋಗಿ.”

ಗಿರೀಶ್ ಬೈಕ್ ತಿರುಗಿಸಿಕೊಂಡು ಹೋದ.

ಕೊಪ್ಪರಿಗೆ ಅವನ ಅಪ್ಪ, ಹಟ್ಟಿಯ ಯಜಮಾನ ಕಾಟಲಿಂಗಪ್ಪನದು. ಉಣ್ಣೆ ಕತ್ತರಿಸುವ ದಿನ ನಾಲ್ಕಾರು ಹಟ್ಟಿಯ ಜನರಿಗೆ ಅದರಲ್ಲೇ ಊಟ ಬೇಯುತ್ತಿತ್ತು. ತಿಮ್ಮೇಶ್ ಅದನ್ನು ಕೇಳಿ ತಂದು, ಹಿರಿಯೂರಿಗೆ ಒಯ್ದು ಕಲಾಯಿ ಹಾಕಿಸಿದ್ದ. ಹಟ್ಟಿಯ ಮಕ್ಕಳು ಶಾಲೆಯಿಂದ ಬರುವಾಗ ಅಪ್ಪ ಅಮ್ಮ ಕುರಿಯ ಹಿಂದೆ ಹೊರಗಿರುತ್ತಾರೆ. ಕತ್ತಲಾಗುವ ತನಕ ಬೀಗ ಹಾಕಿದ ಬಾಗಿಲ ಮುಂದೆ ಹಸಿದು ಕೂರುತ್ತವೆ.

‘ನಾನೂ ಹಂಗೇ ಕುಂತು ಬೆಳೆದೋನು ಜಯಾ. ಸಂಜೆ ಒಂದು ತಟ್ಟೆ ಬಿಸಿ ಅನ್ನ, ಹುರುಳಿ ಸಾರು. ದುಡ್ಡು ಕಾಸು ಏನೂ ಬ್ಯಾಡ. ಶಾಲೆ ಶುರುವಾದ ಸೋಮವಾರವೇ ಶುರು ಮಾಡಾಣ!’ ಎಂದಿದ್ದ.

ಆ ಸೋಮವಾರಕ್ಕೆ ಮುಂಚೆಯೇ ಹೆದ್ದಾರಿಯ ಮೇಲೆ ಲಾರಿಯೊಂದು ಅವನ ಬೈಕಿಗೆ ಬಡಿದಿತ್ತು...

ಜಯಶೀಲಾ ಕೊಪ್ಪರಿಗೆಯ ಒಳಗೆ ಕೈಯಾಡಿಸಿದಳು. ಕಲಾಯಿ ಇನ್ನೂ ಹೊಳೆಯುತ್ತಿತ್ತು. ಒಂದು ಅಗುಳೂ ಬೆಂದಿರಲಿಲ್ಲ.

‘ಬೇಯಿಸಿಯೇ ಕೊಡ್ತೀನಿ. ಯಾರು ತಡೀತಾರೋ ನೋಡಾಣ.’

ಮಧ್ಯಾಹ್ನ ಕಾಟಲಿಂಗಪ್ಪನೇ ಬಂದ. ಹೊಸ್ತಿಲು ದಾಟಲಿಲ್ಲ.

“ಸಾವಾದ ಮನೆ. ನನ್ನ ಪಾತ್ರೆ ಕೊಟ್ಬಿಡಮ್ಮ. ತಿಮ್ಮೇಶ್ ಮಕ್ಕಳಿಗೆ ಉಣ್ಣಿಸ್ತೀನಿ ಅಂತಿದ್ದ, ಆ ಮಾತು ಅವನ ಜೊತೆಗೇ ಹೋಯ್ತು. ಗಂಡ ಸತ್ತೋಳ ಕೈಯನ್ನ ಎಳೆ ಮಕ್ಕಳಿಗೆ ಬ್ಯಾಡ.”

ಒಳಗಿನಿಂದ ಅತ್ತೆ ಮುದ್ದಕ್ಕನ ದನಿ ಚಾವಟಿಯಂತೆ ಬಂತು. “ಏನಪ್ಪಾ ಕಾಟ, ನಂದೂ ಮುಂಡೆ ಕೈಯೇ! ನಿನ್ನ ಹೆಂಡ್ತಿ ಬಾಣಂತನ ಇದೇ ಕೈ ಮಾಡಿದ್ದು. ಆವಾಗ ಗಡದ್ದಾಗಿ ಉಂಡ್ಯಲ್ಲ?”

ಕಾಟಲಿಂಗಪ್ಪ ಕೆಮ್ಮಿದ.

ಜಯಶೀಲಾ ಮೆಲ್ಲಗೆ ಕೇಳಿದಳು. “ಯಜಮಾನ್ರೇ, ಎರವಲು ತಂದ ಪಾತ್ರೆ ಬರಿದಾಗಿ ವಾಪಸ್ ಕೊಡ್ಬಹುದಾ?”

“ಛೇ! ಹಟ್ಟಿಯೊಳಗೆ ಎಲ್ಲಾದ್ರೂ ಉಂಟಾ? ತುಂಬಿಸೇ ಕೊಡ್ಬೇಕು. ಮೊದಲ ತುತ್ತು ಪಾತ್ರೆ ಕೊಟ್ಟೋನು ಉಣ್ಣಬೇಕು.”

“ನನ್ನ ಹತ್ರ ಈಗ ತುಂಬಿಸೋಕೆ ಏನೂ ಇಲ್ಲ. ತುಂಬಿದ ದಿನ ನಾನೇ ತಂದು ಕೊಡ್ತೀನಿ.”

ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ಮುದುಕ ಹೆಗಲ ಟವೆಲ್ ಕೊಡವಿ ಹೊರಟುಹೋದ.

ಶಾಲೆ ಶುರುವಾದ ಸೋಮವಾರ ಸಂಜೆ ಸಾರಿನ ಘಮ ಹಟ್ಟಿಯೆಲ್ಲ ಹರಡಿತು. ಮಕ್ಕಳು ಗೇಟಿನಾಚೆ ಗುಂಪಾಗಿ ನಿಂತವು. ಒಂದೂ ಒಳಗೆ ಬರಲಿಲ್ಲ. ಯಜಮಾನನ ಮಾತು ಎಲ್ಲರ ಮನೆ ಮುಟ್ಟಿತ್ತು.

ಜಯಶೀಲಾ ಸೌಟು ಹಿಡಿದು ಸಾರನ್ನು ಮತ್ತೆ ಮತ್ತೆ ಕಲಕಿದಳು. ‘ತಿಮ್ಮೇಶ್... ಯಾರೂ ಬರ್ತಿಲ್ಲ ಕಣೋ...’

ಆಗ ಗಿರೀಶ್ ಬಂದ. ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ತಟ್ಟೆ ಮುಂದಿಟ್ಟುಕೊಂಡ.

“ಬಡಿಸ್ರಿ ಮೇಡಂ. ನಾನೂ ಇಸ್ಕೂಲಿಗೆ ಹೋದೋನೇ. ಪಾಸಾಗಿದ್ದು ಬೇರೆ ಮಾತು.”

ಗೇಟಿನಾಚೆ ಒಂದು ನಗು ಕಿಸಕ್ಕೆಂದಿತು. ಅವನ ಅಣ್ಣನ ಮಗಳು ಮೋನಿಕಾ ಓಡಿಬಂದು ಪಕ್ಕದಲ್ಲಿ ಕೂತಳು. “ಚಿಕ್ಕಪ್ಪ, ಸರ್ಕಳ್ರಿ!” ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು... ಚಾಪೆ ಸಾಲದೆ ಹೋಯಿತು!

ಕೈತೊಳೆದು ಹೊರಡುವಾಗ ಗಿರೀಶ್ ಕೇಳಿದ. “ಕೊಪ್ಪರಿಗೆ ಕೊಡ್ತೀರಾ?”

ಅವಳ ಮೈಯೆಲ್ಲ ಉರಿಯಿತು. ‘ಉಂಡಿದ್ದು ಇದಕ್ಕಾ?’

“ತಳ ಕಾಣ್ತೈತೆ ನೋಡ್ರಿ. ಬರೀ ಪಾತ್ರೆ ಕೊಡಲ್ಲ.”

“ಹಂಗಾದ್ರೆ ನಾಳೆ ಬರ್ತೀನಿ,” ಎಂದ.

ಮರುದಿನವೂ ಬಂದ. ಅದರ ಮರುದಿನವೂ. ಸೌದೆ ಒಡೆದ, ನೀರು ಸೇದಿದ, ಮಕ್ಕಳ ಜಗಳ ಬಿಡಿಸಿದ. ಹೊರಡುವಾಗ ಅದೇ ಪ್ರಶ್ನೆ, ಅವಳದು ಅದೇ ಉತ್ತರ. ಮಕ್ಕಳು ತಿಂದು ಕೊಪ್ಪರಿಗೆ ದಿನಾ ಬರಿದಾಗುತ್ತಲೇ ಇತ್ತು. ಮೊದಲು ಮುಖ ತಿರುಗಿಸುತ್ತಿದ್ದ ತಾಯಂದಿರು ಈಗ ಕುರಿ ಹೊಡೆದುಕೊಂಡು ಬರುವಾಗ ಅವಳ ಜಗುಲಿಯ ಮೇಲೆ ಸೇರು ಹುರುಳಿಯನ್ನೋ ಒಂದು ಹೊರೆ ಪುಳ್ಳೆ ಸೌದೆಯನ್ನೋ ಇಟ್ಟುಹೋಗುತ್ತಿದ್ದರು.

ಒಂದು ಸಂಜೆ ಅವನು ಬರಲಿಲ್ಲ. ಫಾರಂನಲ್ಲಿ ಕೆಲಸ ಹೆಚ್ಚಿತ್ತೇನೋ. ಜಯಶೀಲಾ ಎರಡು ಸಲ ಗೇಟಿನವರೆಗೆ ಹೋಗಿ ಬಂದಳು. ತನ್ನ ಮೇಲೆ ತನಗೇ ಸಿಟ್ಟು ಬಂತು.

‘ಪಾತ್ರೆ ಕೇಳಾಕೆ ಬರೋನಿಗೆ ಕಾಯ್ತೀಯಾ? ನಾಚಿಕೆ ಇಲ್ವಾ?’

ಯುಗಾದಿಗೆ ಮುಂಚೆ ಉಣ್ಣೆ ಕತ್ತರಿಸುವ ದಿನ ಬಂತು. ಜಯಶೀಲಾ ನಸುಕಿನಲ್ಲೇ ಎದ್ದಳು. ಗೋದಿ ಹುಗ್ಗಿ ಬೇಯಿಸಿದಳು, ಕೊಪ್ಪರಿಗೆಯ ಕಂಠದ ತನಕ. ಮಕ್ಕಳ ಪಾಲನ್ನು ಡಬರಿಯಲ್ಲಿ ಎತ್ತಿಟ್ಟಳು.

“ಅತ್ತೆ, ಇವತ್ತು ಕೊಟ್ಟು ಬರ್ತೀನಿ. ತಿಮ್ಮೇಶ್ ತಂದಿದ್ದು ತಿಮ್ಮೇಶ್ ಹೆಸರಿನಾಗೇ ಮುಟ್ಟಲಿ.”

ಮುದ್ದಕ್ಕ ಸೊಸೆಯ ಕೆನ್ನೆ ಸವರಿದಳು. “ತಲೆ ತಗ್ಗಿಸ್ಬ್ಯಾಡ.”

ಸೌದೆ ಹಾಕಲು ಬಂದಿದ್ದ ಗಿರೀಶ್ ಹುಗ್ಗಿ ನೋಡಿ ಪೆಚ್ಚಾದ. “ಇವತ್ತೇ ಕೊಡ್ತೀರಾ...?”

“ದಿನಾ ಕೇಳ್ತಿದ್ರಲ್ಲ! ಹಿಡೀರಿ ಆ ಕಡೆ.”

ಗಳಕ್ಕೆ ಕಟ್ಟಿ ಇಬ್ಬರೂ ಹೊತ್ತರು. ಕಾಟಲಿಂಗಪ್ಪನ ದೊಡ್ಡಿಯಲ್ಲಿ ನಾಲ್ಕಾರು ಹಟ್ಟಿಯ ಗಂಡಸರು ಕತ್ತರಿ ಹಿಡಿದು ಕುಳಿತಿದ್ದರು. ಅವಳನ್ನು ಕಂಡದ್ದೇ ಕತ್ತರಿಗಳ ಸದ್ದು ನಿಂತಿತು. ಗಂಡ ಸತ್ತವಳು ಉಣ್ಣೆಯ ದಿನ ಎದುರಿಗೆ!

ಜಯಶೀಲಾ ಕೊಪ್ಪರಿಗೆಯನ್ನು ಮುದುಕನ ಕಾಲ ಬಳಿಯೇ ಇಳಿಸಿದಳು.

“ತುಂಬೈತೆ ಯಜಮಾನ್ರೇ. ಮೊದಲ ತುತ್ತು ನಿಮ್ದು.”

ಎಲ್ಲರ ಕಣ್ಣೂ ಅವನ ಮೇಲೆ. ಉಣ್ಣದಿದ್ದರೆ ಹಟ್ಟಿಯ ಪದ್ಧತಿ ಮುರಿದಂತೆ. ಉಂಡರೆ ಅವನ ಮಾತು ಮುರಿದಂತೆ. ಕಾಟಲಿಂಗಪ್ಪ ಕೊಪ್ಪರಿಗೆಯನ್ನು ನೋಡಿದ, ಅವಳನ್ನು ನೋಡಿದ. ಅವಳು ತಲೆ ತಗ್ಗಿಸಲಿಲ್ಲ.

ಅವನು ಕೈ ತೊಳೆದು ಬಂದು ಒಂದು ತುತ್ತು ಬಾಯಿಗಿಟ್ಟುಕೊಂಡ. ನಿಧಾನವಾಗಿ ನುಂಗಿದ.

“ಬೆಲ್ಲ ಒಂಚೂರು ಕಮ್ಮಿ ಆಗೈತೆ,” ಎಂದ. ಇನ್ನೊಂದು ತುತ್ತಿಗೆ ಕೈ ಹಾಕಿದ. “ಲೇ, ಏನ್ ನೋಡ್ತೀರಾ? ಕುಂತ್ಕಳ್ರಿ, ಉಣ್ರಿ! ಆದ್ರೂ ಇದನ್ನ ಈಗ್ಯಾಕೆ ಹೊತ್ಕಂಡ್ ಬಂದ್ಯಮ್ಮ? ದೀಪಾವಳಿ ಆದ್ಮೇಲೆ ನಾನು ಕೇಳೇ ಇಲ್ವಲ್ಲ. ಮೊಮ್ಮಗಳೇ ಅಲ್ಲಿ ಉಣ್ತಾಳೆ... ಇವತ್ತಿನ ಊಟಕ್ಕೆ ಬಾಡಿಗೆ ಪಾತ್ರೆ ತರ್ಸಿದೀನಿ.”

ಜಯಶೀಲಾ ತಿರುಗಿ ನೋಡಿದಳು. ಗಿರೀಶ್ ಅಲ್ಲಿರಲಿಲ್ಲ! ದೊಡ್ಡಿಯ ಹಿಂದೆ, ಉಣ್ಣೆ ಕಳೆದುಕೊಂಡ ಕುರಿಗಳ ನಡುವೆ, ಬಚ್ಚಿಟ್ಟುಕೊಂಡವನಂತೆ ನಿಂತಿದ್ದ.

“ನಿಮ್ಮಪ್ಪ ಕೇಳೇ ಇಲ್ವಂತೆ?”

“ಇಲ್ಲ.”

“ಮತ್ತೆ ದಿನಾ...?”

“ಸುಮ್ನೆ ಬಂದ್ರೆ ಯಾಕ್ ಬಂದೆ ಅಂತಿದ್ರಿ. ಆ ಮೊದಲನೇ ದಿನಾನೂ ನಾನು ಕೇಳಾಕ್ ಬಂದಿದ್ದು ಸೌದೆ ತಂದು ಹಾಕ್ಲಾ ಅಂತ. ನೀವು ಮಾತಾಡಾಕ್ ಬಿಡ್ಲಿಲ್ಲ.”

ಎಷ್ಟೋ ತಿಂಗಳಿಂದ ಮರಗಟ್ಟಿದ್ದ ಎದೆಯೊಳಗೆ ಏನೋ ಕದಲಿತು. ನೋವೇ ಇರಬೇಕು ಅಂದುಕೊಂಡಳು. ನೋವೊಂದೇ ಆಗಿರಲಿಲ್ಲ.

“ನಾನು ತಿಮ್ಮೇಶ್‌ನ ಮರೆಯಲ್ಲ ಗಿರೀಶ್.”

“ಮರೀಬ್ಯಾಡ್ರಿ. ನಂಗೂ ಅವ್ನು ಬೇಕು.”

ಕಣ್ಣೀರು ಬಂತು. ಹೂಳುವ ದಿನವೂ ಬಾರದ ಕಣ್ಣೀರು. ಅವಳು ಒರೆಸಿಕೊಳ್ಳಲಿಲ್ಲ. ಅವನೂ ಬೇರೆ ಕಡೆ ನೋಡಲಿಲ್ಲ.

ಅವಳೇ ಕೇಳಿದಳು. “ಅವ್ನು ತಂದಿದ್ದು ಮುಟ್ಟಿಸಿದ್ದಾಯ್ತು. ನಾಳೆ ಮಕ್ಕಳಿಗೆ ಬೇಯಿಸ್ಬೇಕು. ಕೊಪ್ಪರಿಗೆ ಕೊಡ್ತೀರಾ? ಈ ಸಲ ನನ್ನ ಹೆಸರಿಗೆ.”

“ಬರಿದಾಗಿ ಕೊಡಾಕಾಗಲ್ಲ ಜಯಾ. ಜೊತೆಗೆ ನಾನೂ ಬರ್ಬೇಕಾಗ್ತೈತೆ.”

“ಬಂದ್ರೆ ಸೌದೆ ಒಡೀಬೇಕು.”

“ಇಷ್ಟು ದಿನ ಇನ್ನೇನ್ ಮಾಡ್ದೆ?”

ಅವಳು ನಕ್ಕಳು.