ಕಣಿಕೆಯ ಕೆಳಗೊಬ್ಬ

ಇವನು ಕೆಮ್ಮುತ್ತಾನೆ.

ಈಗ ಕೆಮ್ಮದಿದ್ದರೆ ಇನ್ನೊಂದು ಫರ್ಲಾಂಗಿಗೆ ಕೆಮ್ಮುತ್ತಾನೆ. ಕೆಮ್ಮದಿದ್ದರೆ ಬೈಯುತ್ತಾನೆ. ಬಾಯಿ ಮುಚ್ಚಿಕೊಂಡಿರುವುದು ಈ ಹುಡುಗನ ಹಣೆಯಲ್ಲೇ ಬರೆದಿಲ್ಲ. ಇಂಥವನನ್ನು ನಾನು ಯಾಕೆ ಒಪ್ಪಿಕೊಂಡೆ? ಈಗಲೂ ಇಳಿಸಿಬಿಡಬಹುದಲ್ಲ...

ಹಿಂದೆ ಕುದುರೆಯ ಸದ್ದು. ಒಂದೇ ಕುದುರೆ. ಕುಂಟುತ್ತಿತ್ತು.

ತಿರುಗಿ ನೋಡಲಿಲ್ಲ. ತಿರುಗಿ ನೋಡುವವನನ್ನೇ ಪೊಲೀಸರು ಮೊದಲು ಹಿಡಿಯುವುದು. ಒಂದು ಕಾಲಕ್ಕೆ ನಾನೂ ಖಾಕಿ ತೊಟ್ಟು ಅದೇ ಕೆಲಸ ಮಾಡಿದವನು.

"ಏ ಚಕ್ಕಡಿ! ನಿಲ್ಲಸಲೇ!"

ಎತ್ತುಗಳ ಹಗ್ಗ ಎಳೆದೆ. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು.

ಅಮೀನ!

ಯಲಬುರ್ಗಾ ಕಡೆಯ ಜಹಗೀರಿ ಠಾಣೆಯ ಫೌಜದಾರ. ಅವನು ಹುಡುಕುತ್ತಿದ್ದ ಮನುಷ್ಯ ನನ್ನ ಹಿಂದೆ, ಜೋಳದ ಕಣಿಕೆಯ ಸಿವುಡುಗಳ ಕೆಳಗೆ, ಬೋರಲು ಮಲಗಿದ್ದ.

"ಓಹೋ, ಅಂದಪ್ಪ! ಕಚೇರಿ ದಲಾಲಿ ಬಿಟ್ಟು ಕಣಿಕಿ ವ್ಯಾಪಾರ ಯಾವಾಗಿಂದ?"

"ಹೊಟ್ಟಿಪಾಡು ನೋಡ್ರಿ ಸಾಹೇಬ್ರ. ಎತ್ತಿನ ಹೊಟ್ಟಿ."

"ಕುದುರಿ ನಾಲು ಕಿತ್ತೈತಿ. ಗಂಗಾವತಿ ತನಕ ನಿನ್ನ ಗಾಡಿ."

ಕೇಳಲಿಲ್ಲ, ಹೇಳಿದ. ಅಮೀನರಿಗೆ ಗಾಡಿ ಬಿಟ್ಟಿ, ಎತ್ತು ಬಿಟ್ಟಿ, ಆಳು ಬಿಟ್ಟಿ. ಕುದುರೆಯನ್ನು ಹಿಂದೆ ಕಟ್ಟಿದ. ಗಾಲಿಯ ಮೇಲೆ ಕಾಲಿಟ್ಟು ಹತ್ತಿದ. ಕಣಿಕೆಯ ಮೇಲೆ ಪದ್ಮಾಸನ ಹಾಕಿ ಕೂತ.

ಸಿವುಡುಗಳು ಕರಕರ ಅಂದವು. ಕುಸಿದವು.

ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ.

ಕಣಿಕೆಯ ಕೆಳಗಿದ್ದ ಕಳಕಪ್ಪ ಮಾಡಿದ ಅಪರಾಧ ಏನು ಅಂತ ಕೇಳುತ್ತೀರಿ. ಒಂದು ಪ್ರಶ್ನೆ ಕೇಳಿದ್ದ, ಅಷ್ಟೇ. ಅವನ ತಮ್ಮ ಹಂಪಣ್ಣ ಇದೇ ಅಮೀನನ ಟ್ರಂಕು ಹೊತ್ತು, ಬಿಸಿಲಲ್ಲಿ, ಕುದುರೆಯ ಮುಂದೆ ಓಡಿ ಸತ್ತಿದ್ದ. ಸತ್ತವನ ದಿನದ ಊಟಕ್ಕೆ ಊರು ಸೇರಿತ್ತು. ಎಲೆಯ ಮುಂದೆ ಕೂತ ಜನರ ನಡುವೆ ಕಳಕಪ್ಪ ಎದ್ದು ನಿಂತ. "ಬಿಟ್ಟಿ ಚಾಕರಿ ಯಾವ ಕಾನೂನಿನ್ಯಾಗ ಐತಿ? ಯಾರರ ಓದಿ ತೋರಸ್ರಿ" ಅಂದ.

ಅಪ್ಪಣೆಯಿಲ್ಲದೆ ಜನ ಕೂಡಿಸಿ ಮಾತಾಡಬಾರದು ಅಂತ ಕಾನೂನಿತ್ತು. ಅದನ್ನು ಮಾತ್ರ ಓದಿ ತೋರಿಸಿದರು. ಸತ್ತವನ ಊಟ ಸಭೆಯಾಯಿತು! ವಾರಂಟ್ ಹೊರಟಿತು. ಹಂಪಣ್ಣನ ಸಾವು ಉರ್ದುವಿನಲ್ಲಿ ದಾಖಲಾಯಿತು: ಹೊಟ್ಟೆಬೇನೆ.

ಅವರ ತಾಯಿ ಮುದಕಮ್ಮ ಗಂಗಾವತಿಗೆ ನಡೆದುಕೊಂಡೇ ಬಂದು ನನ್ನ ಕಟ್ಟೆಯ ಮೇಲೆ ಕೂತಳು.

"ಒಬ್ಬ ಹೋದ. ಇವನ್ನರ ಹೊಳಿ ದಾಟಸಪ್ಪಾ."

ಹೊಳೆಯ ಆಚೆ ಕಂಪನಿ ಸೀಮೆ, ಬ್ರಿಟಿಷರದು. ಹೊಸಪೇಟೆಯಲ್ಲಿ ಒಬ್ಬ ವಕೀಲರಿದ್ದರು. ಹಂಪಣ್ಣ ಹೇಗೆ ಸತ್ತ ಅನ್ನುವುದನ್ನು ಕಳಕಪ್ಪ ಹೇಳಿದರೆ ಕನ್ನಡದಲ್ಲೇ ಬರೆದುಕೊಂಡು, ಮೊಹರು ಹಾಕಿಸಿ, ಮೇಲಿನವರಿಗೆ ಕಳಿಸುತ್ತೇನೆ ಅಂದಿದ್ದರು. ಮೇಲಿನವರು ಓದುತ್ತಿದ್ದರೋ ಇಲ್ಲವೋ ಬೇರೆ ಮಾತು. ನಿಜಾಮನ ಮೊಗಲಾಯಿಯೊಳಗೆ ಬರೆದುಕೊಳ್ಳುವವರೂ ಇರಲಿಲ್ಲ.

ಹಿಟ್ಲರನ ಯುದ್ಧ ಶುರುವಾದ ಮರುವರ್ಷದ ಶ್ರಾವಣ ಅದು. ಜಿಟಿಜಿಟಿ ಮಳೆ.

"ಆ ಕಳಕ್ಯಾನ ತಮ್ಮಂದು ದೊಡ್ಡ ರಾಮಾಯಣ ಮಾಡ್ಯಾರ ನೋಡು" ಅಂದ ಅಮೀನ. ಎಲೆ ಅಡಿಕೆ ಮೆಲ್ಲುತ್ತಿದ್ದ. "ಟ್ರಂಕೇನು ಅಂಥಾ ವಜ್ಜಿ ಇರ್ಲಿಲ್ಲಪಾ. ನನ್ನ ಅರಿವಿ, ಒಂದು ಹುಕ್ಕಾ. ಆ ಹುಡುಗನ ಎದೀನ ಸಣ್ಣದಿತ್ತು, ನಾ ಏನ್ ಮಾಡ್ಲಿ?"

ಈಗ... ಈಗ ಏಳುತ್ತಾನೆ...

ಏಳಲಿಲ್ಲ!

ದಾರಿಯಲ್ಲಿ ಸರಹದ್ದಿನ ಕಲ್ಲು ಬಂತು. ಕಲ್ಲಿನ ಈಚೆ ಜಹಗೀರು, ಆಚೆ ನಿಜಾಮನ ಸ್ವಂತ ಆಡಳಿತದ ದಿವಾನಿ. ಈಚೆ ಅಮೀನ ದೇವರು. ಆಚೆ ಅವನು ಬರೀ ಟೋಪಿ, ದಿವಾನಿಯವರ ಚೀಟಿಯಿಲ್ಲದೆ ಒಂದು ಕೋಳಿಯನ್ನೂ ಹಿಡಿಯುವಂತಿಲ್ಲ. ನಾನು ಆ ಕಲ್ಲನ್ನೇ ನಂಬಿಕೊಂಡು ಹೊರಟಿದ್ದೆ.

ಅಮೀನ ಎದೆಯ ಜೇಬು ತಟ್ಟಿಕೊಂಡ.

"ಚೀಟಿ ತಂದೀನಪಾ. ಗಂಗಾವತಿ ತಾಲೂಕಿನ್ಯಾಗೂ ಹಿಡೀಬಹುದು. ಹುಲಿಗಿ ಸೇತುವಿ ಮ್ಯಾಲೂ ಜವಾನರನ ನಿಲ್ಲಿಸೀನಿ."

"ಛಲೋ ಮಾಡೀರಿ ಸಾಹೇಬ್ರ."

"ನಿನಗೇನರ ಸುಳುವು ಹತ್ತಿದ್ರ..."

"ಮೊದಲು ನಿಮಗ ಹೇಳ್ತೀನ್ರಿ."

ಗಂಗಾವತಿಯಲ್ಲಿ ಲಾಳ ಹೊಡೆಯುವವನ ಮನೆಯ ಮುಂದೆ ಇಳಿದ. ಕೈಯಿಂದ ಸಿವುಡೊಂದನ್ನು ಅದುಮಿ, "ಹಾಸಿಗಿ ಇದ್ದಂಗ ಐತಲೇ!" ಅಂದ.

ಊರು ದಾಟಿ, ಬಂಡೆಗಳ ಸಂದಿಯಲ್ಲಿ ಗಾಡಿ ಬಿಟ್ಟು ಕಣಿಕೆ ಎತ್ತಿದೆ. ಕಳಕಪ್ಪನ ಮುಖ ಕಪ್ಪಗಾಗಿತ್ತು. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಬಹಳ ಹೊತ್ತು ಉಸಿರಾಡಿದ. ಆಮೇಲೆ ಅಂದ:

"ಅಮೀನ ಭಾಳ ತಿಂತಾನ್ರಿ."

ನಗು ಬಂತು. ಅವನು ನಗಲಿಲ್ಲ.

"ಎದಿ ಸಣ್ಣದಿತ್ತಂತ... ಕೇಳಿದ್ರೇನ್ರಿ?"

"ಕೇಳೀನಿ. ಹೊಳಿ ದಾಟೂತನಕ ನುಂಗು. ದಾಟಿದ ಮ್ಯಾಲ ನಿನ್ನ ಬಾಯಿ, ನಿನ್ನ ಮಾತು."

"ಅಲ್ಲಿ ಯಾರೂ ಹಿಡಿಯೂದಿಲ್ಲೇನ್ರಿ?"

"ಹಿಡೀತಾರ. ಬ್ಯಾರೇ ಮಂದಿ, ಬ್ಯಾರೇ ಮಾತಿಗೆ. ಈ ಮಾತಿಗಲ್ಲ."

ಅವನು ತಲೆಯಾಡಿಸಿದ. ಹೊಳೆ ದಾಟುವ ತನಕ. ಅದೊಂದನ್ನು ಗಂಟು ಕಟ್ಟಿಕೊಂಡ.

ಸಾಣಾಪುರದ ಕಲ್ಲುಗಳ ನಡುವೆ ಇಳಿದೆವು. ಇಬ್ಬರಿಗೂ ಕಂಬಳಿ ಕೊಪ್ಪೆ. ಕೆಳಗೆ ತುಂಗಭದ್ರೆ ಕೆಂಪಗೆ ಹರಿಯುತ್ತಿತ್ತು. ಕಳಕಪ್ಪ ನಿಂತೇಬಿಟ್ಟ. ಅವನ ಊರಲ್ಲಿ ನೀರು ಅಂದರೆ ಕೊಡ.

"ಇಷ್ಟೂ ನೀರ ಏನ್ರಿ?"

"ನಡೀ!"

ಹರಿಗೋಲಿನ ಹೊಳಿಯಪ್ಪ ಹುಟ್ಟು ಹಿಡಿದು ಕಾಯುತ್ತಿದ್ದ. ಕಾಲಿಟ್ಟೆವೋ ಇಲ್ಲವೋ, ಮೇಲೆ ಬಂಡೆಗಳ ಮೇಲಿಂದ ಕೂಗು!

"ಯಾರದು? ನಿಲ್ಲು!"

ಜವಾನರು. ಅವರ ಹಿಂದೆ ಹೊಸ ಲಾಳದ ಕುದುರೆಯ ಮೇಲೆ ಅಮೀನ. ಕಡವುಗಳನ್ನು ಕಾಯಲು ಬಂದಿದ್ದರು.

"ತಳ್ಳಲೇ ಹೊಳಿಯಪ್ಪಾ!"

ಹರಿಗೋಲು ಗರಗರ ತಿರುಗಿತು. ಗುಂಡು ಹಾರಿತು! ನೀರು ಚಿಮ್ಮಿತು. ಕಳಕಪ್ಪ ನನ್ನ ಕೈ ಹಿಡಿದುಕೊಂಡ.

"ಅಂಜಬ್ಯಾಡ್ರಿ" ಅಂದ ಹೊಳಿಯಪ್ಪ. "ನನ್ನ ಕೊಂದ್ರ ಅವರನ್ನ ಯಾರು ದಾಟಸ್ತಾರ? ಈ ದಂಡಿಗೆ ಇರೂದು ಇದೊಂದ ಹರಿಗೋಲು."

ಎರಡನೆಯ ಗುಂಡೂ ನೀರಿಗೆ. ಮೂರನೆಯದು ಹಾರಲಿಲ್ಲ. ದಡ ಮುಟ್ಟಿದೆವು. ಗದ್ದೆ, ಕೆಸರು, ಭತ್ತದ ಸಸಿ ನಾಟುವ ಹೆಂಗಸರ ಸಾಲು. ಅದರಾಚೆ, ಮಳೆಯ ಪರದೆಯ ಹಿಂದೆ, ಹಂಪಿಯ ಗೋಪುರ.

"ಇಲ್ಲೇ ನಿಂದ್ರು. ಮುಂದ ನೋಡಿ ಬರ್ತೀನಿ" ಅಂದು ನಾನು ಗದ್ದೆಯ ಬದುವಿನ ಮೇಲೆ ಓಡಿದೆ.

ಏನು ನೋಡಲು ಹೋಗಿದ್ದೆ ಗೊತ್ತೇ? ಇನ್ನೊಂದು ಹರಿಗೋಲು.

ನಾವು ಇಳಿದದ್ದು ವಿರೂಪಾಪುರಗಡ್ಡೆ. ಹೊಳೆ ಅಲ್ಲಿ ಎರಡಾಗಿ ಒಡೆದು ಗಡ್ಡೆಯನ್ನು ನಡುವೆ ಇಟ್ಟುಕೊಂಡು ಹರಿಯುತ್ತದೆ. ಗಡ್ಡೆ ಮೊಗಲಾಯಿ. ಪಟೇಲ ಮೊಗಲಾಯಿಯವನು. ಕಂಪನಿ ಸೀಮೆ ಇರುವುದು ಇನ್ನೊಂದು ನೀರಿನ ಆಚೆ. ದಂಡೆಯ ನಮಗೆ ಎರಡೂ ಸೇರಿ ಒಂದೇ ಹೊಳೆ, ಯಾರೂ ಬೇರೆ ಮಾಡಿ ಹೇಳುವುದಿಲ್ಲ. ನೀರು ದಾಟಿದ, ಗೋಪುರ ಕಂಡ. ಯಲಬುರ್ಗಾದ ಎರೆಹೊಲದವನಿಗೆ ಇನ್ನೇನು ಬೇಕು?

ಆಚೆ ದಂಡೆಯಲ್ಲಿ ಎರಡನೆಯ ಹರಿಗೋಲು ಇತ್ತು. ಸೀಟಿ ಹೊಡೆಯಲು ಬೆರಳು ಬಾಯಿಗಿಟ್ಟೆ.

ಆಗ ಹಿಂದಿನಿಂದ ಆ ದನಿ!

"ಅಮೀನ! ಏ ಅಮೀನ! ಇಲ್ಲಿ ನೋಡು!"

ಕಳಕಪ್ಪ ಕೊಪ್ಪೆ ಕಿತ್ತೆಸೆದು ದಡದ ಬಂಡೆಯ ಮೇಲೆ ನಿಂತಿದ್ದ. ಕೈ ಎತ್ತಿ ನೀರಿನ ಆಚೆಗೆ ಕೂಗುತ್ತಿದ್ದ. ಬೆಳಗಿನಿಂದ ನುಂಗಿದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬರುತ್ತಿತ್ತು.

"ನಾ ಕಳಕಪ್ಪ! ಕಣಿಕಿ ಕೆಳಗ ನಾನ ಇದ್ದೆ! ನೀ ಕುಂತಿದ್ದು ನನ್ನ ಬೆನ್ನ ಮ್ಯಾಲ! ನನ್ನ ತಮ್ಮಂದು ಎದಿ ಸಣ್ಣದಿರ್ಲಿಲ್ಲಲೇ! ನಿನ್ನ ಟ್ರಂಕು ಕೊಂದೈತಿ ಅವನ್ನ! ಬರಸ್ತೀನಿ, ಎಲ್ಲಾ ಬರಸ್ತೀನಿ!"

ನಾಟಿಯ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಅಮೀನ ಇವನ ಬೆನ್ನ ಮೇಲೆ ಕೂತಿದ್ದನಂತೆ! ಒಬ್ಬಳು ನಕ್ಕಳು. ಇನ್ನೊಬ್ಬಳು ನಕ್ಕಳು. ಗದ್ದೆಗೆ ಗದ್ದೆಯೇ ನಕ್ಕಿತು. ಆಚೆ ದಡದಲ್ಲಿ ಒಬ್ಬ ಜವಾನನೂ ಮುಖ ತಿರುಗಿಸಿಕೊಂಡ.

ಅಮೀನ ನಗಲಿಲ್ಲ. ಎರಡು ಕೈ ಬಾಯಿಗೆ ಕಟ್ಟಿ ಕೂಗಿದ.

"ಪಟೇಲಾ! ಹಿಡಿ ಅವನ್ನ! ಅಂವ ಇನ್ನೂ ನಮ್ಮ ನೆಲದ ಮ್ಯಾಲ ಅದಾನ!"

ಕಳಕಪ್ಪನ ಕೈ ಮೇಲೆಯೇ ಉಳಿಯಿತು. ಹತ್ತಿರ ನಿಂತಿದ್ದ ಹೆಂಗಸಿನ ಕಡೆ ತಿರುಗಿದ.

"ಯಕ್ಕಾ... ಇದು ಕಂಪನಿ ಸೀಮಿ ಅಲ್ಲೇನು?"

ಅವಳ ಹೆಸರು ದುರುಗವ್ವ. ಅವಳ ಮುಖದ ಮೇಲಿನ ನಗು ಹೋಯಿತು.

"ಅಲ್ಲೋ ಯಪ್ಪಾ. ಇದು ಗಡ್ಡಿ. ಆ ಕಡಿ ಹೊಳಿ ಇನ್ನೂ ಐತಿ."

ಪಟೇಲನ ಆಳುಗಳು ಬಡಿಗೆ ಹಿಡಿದು ಓಡಿ ಬಂದರು. ನಾನೂ ಓಡಿದೆ. ಕೆಸರಲ್ಲಿ ಮೊಣಕಾಲು ಹೂತು ಬಿದ್ದೆ. ಎದ್ದೆ. ಅಷ್ಟರಲ್ಲಿ ಅವನ ತೋಳು ಹಿಂದಕ್ಕೆ ಕಟ್ಟಿದ್ದರು. ಹೊಳಿಯಪ್ಪನನ್ನು ಆಚೆ ದಡಕ್ಕೆ ಅಟ್ಟಿದ್ದರು. ಅಮೀನನನ್ನು ದಾಟಿಸಿಕೊಂಡು ಬರಲು, ಬಿಟ್ಟಿ.

ದುರುಗವ್ವ ನನ್ನ ಕೊಪ್ಪೆ ಹಿಡಿದು ಸಾಲಿನೊಳಗೆ ಎಳೆದಳು. ಕೈಗೆ ಸಸಿಯ ಕಟ್ಟು ತುರುಕಿದಳು.

"ಬಗ್ಗು!"

ಬಗ್ಗಿದೆ. ಕೊಪ್ಪೆ ಹೊದ್ದ ಹತ್ತು ಬೆನ್ನುಗಳ ನಡುವೆ ನನ್ನದೂ ಒಂದು ಬೆನ್ನು.

ಅಮೀನ ಬಂದ. ಹೊಡೆಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಪಟೇಲನನ್ನೂ ಇನ್ನಿಬ್ಬರನ್ನೂ ಪಂಚರೆಂದು ನಿಲ್ಲಿಸಿದ.

"ಯಾರ ಚಕ್ಕಡಿಯೊಳಗ ಬಂದಿ? ಪಂಚರ ಮುಂದ ಹೇಳು."

ಯಾರ ಚಕ್ಕಡಿ ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಆದರೆ ನಾನು ದಿವಾನಿಯ ಪ್ರಜೆ. ನನ್ನನ್ನು ಎಳೆದೊಯ್ಯಲು ಸಾಕ್ಷಿ ಬೇಕು. ತಾನೇ ಸಾಕ್ಷಿ ನುಡಿದರೆ, ಹುಡುಕುತ್ತಿದ್ದ ಮನುಷ್ಯನ ಮೇಲೆ ಕೂತು ಗಂಗಾವತಿ ತನಕ ಎಲೆ ಅಡಿಕೆ ತಿಂದೆ ಅಂತ ಸರಕಾರಿ ಕಾಗದದಲ್ಲಿ ಸಹಿ ಹಾಕಬೇಕು. ಹೆಂಗಸರು ನಕ್ಕರೆ ನಗಲಿ. ಮೇಲಿನ ಸಾಹೇಬರು ನಗಬಾರದು.

ಕಳಕಪ್ಪ ಸುಮ್ಮನಿದ್ದ.

"ನೋಡು" ಅಂದ ಅಮೀನ. ದನಿ ಮೆತ್ತಗಾಗಿತ್ತು. "ನನಗ ಬೇಕಾದದ್ದು ಆ ದಲಾಲ. ಇಂಥವರನ್ನ ದಾಟಸೂದ ಅವನ ದಂಧೆ. ಅವನ ಹೆಸರು ಹೇಳು, ಹೆಬ್ಬೆಟ್ಟು ಒತ್ತು. ಅಗಾ, ಅಲ್ಲಿ ಹರಿಗೋಲು ಐತಿ. ಹೋಗಿಬಿಡು. ಪಂಚರ ಮುಂದ ಮಾತು ಕೊಡ್ತೀನಿ."

ನಾನು ಬಲ್ಲೆ, ಆ ಮಾತು ನಿಜ. ಹೊಸಪೇಟೆಯ ಕಾಗದಕ್ಕೆ ಅವನು ಹೆದರುವವನಲ್ಲ. ನನ್ನ ಮೇಲೆ ಮಾತ್ರ ಅವನಿಗೆ ಹಳೆಯ ಹಗೆಯಿತ್ತು.

ಗದ್ದೆಯ ನೀರಿನಲ್ಲಿ ಕಳಕಪ್ಪನ ನೆರಳು ಕಾಣುತ್ತಿತ್ತು. ಮಳೆಹನಿ ಬಿದ್ದು ಒಡೆಯುತ್ತಿತ್ತು, ಮತ್ತೆ ಕೂಡುತ್ತಿತ್ತು. ಅವನು ಗೋಪುರದ ಕಡೆ ನೋಡಿದ. ಆಮೇಲೆ ನಮ್ಮ ಸಾಲಿನ ಕಡೆ. ಒಂದೊಂದೇ ಬೆನ್ನು ದಾಟಿ, ನನ್ನ ಬೆನ್ನಿಗೆ ಬಂದು ನಿಂತ.

ನಾನು ಒಂದು ಸಸಿ ನೆಟ್ಟೆ. ಎದ್ದು ನಿಲ್ಲಬಹುದಿತ್ತು. ಇನ್ನೊಂದು ಸಸಿ ನೆಟ್ಟೆ.

"ಹೇಳ್ತೀಯೋ ಇಲ್ಲೋ?"

ಮಳೆ ಸುರಿಯುತ್ತಿತ್ತು. ಅವನನ್ನು ಹೊಳಿಯಪ್ಪನ ಹರಿಗೋಲಿಗೆ ಹತ್ತಿಸಿ ಬಂದ ದಡಕ್ಕೇ ಒಯ್ದರು.

ವಾರ ತುಂಬುವುದರೊಳಗೆ ಜಹಗೀರಿ ಠಾಣೆಯಿಂದ ಸುದ್ದಿ ಬಂತು. ಕಾಗದದಲ್ಲಿ ಹೊಸದೇನೂ ಬರೆಯಬೇಕಾಗಿರಲಿಲ್ಲ. ಹೊಟ್ಟೆಬೇನೆ.

ವಕೀಲರು ಮಸಿ ಕುಡಿಕೆಯ ಮುಚ್ಚಳ ಹಾಕಿದರು. ಹೇಳುವವನೇ ಬಾರದಿದ್ದರೆ ಬರೆಯುವುದೇನನ್ನು?

ಮುದಕಮ್ಮ ಮತ್ತೆ ಬಂದು ನನ್ನ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ.

"ಕಡೀಕ ಏನರ ಅಂದನೇನಪ್ಪಾ?"

"ಏನೂ ಅನಲಿಲ್ಲ ಯವ್ವಾ."

ನನ್ನ ಮುಖ ನೋಡಿದಳು.

"ಹಂಗಾರ ಅಂವ ನನ್ನ ಮಗ ಇರ್ಲಿಕ್ಕಿಲ್ಲ ತಗಿ. ನನ್ನ ಮಗ ಸುಮ್ಮಕಿರಾಂವಲ್ಲ."

ಎದ್ದು ಹೋದಳು. ತಿರುಗಿ ನೋಡಲಿಲ್ಲ.

ನಾನು ಈಗಲೂ ಗಂಗಾವತಿಯಲ್ಲೇ ಇದ್ದೇನೆ. ಅದೇ ಕಟ್ಟೆ, ಅದೇ ದಂಧೆ. ಯಾವ ವಾರಂಟೂ ಬರಲಿಲ್ಲ. ಅಮೀನ ಎದುರಾದರೆ ನಾನು ನಮಸ್ಕಾರ ಮಾಡುತ್ತೇನೆ, ಅವನು ಕಣಿಕೆಯ ದರ ಕೇಳುತ್ತಾನೆ.

ನನ್ನ ಹೆಸರು ಅಂದಪ್ಪ. ಕಳಕಪ್ಪ ಅದನ್ನು ಹೇಳಲಿಲ್ಲ.