ಕಣಗಲ ಕಿತ್ತ ಮೇಲೆ

ಗುರುಪುತ್ರಪ್ಪ ಗಂಗಾದೇವಿಯ ಜೊತೆ ಆಡಿದ ಮೊದಲ ಮಾತೇ ಜಗಳದ್ದು.

೧೯೮೧ರ ಚಳಿಗಾಲ. ಬೆಳಗಾವಿಯ ನೆಹರು ನಗರದ ಆ ಓಣಿಗೆ ಅವನು ಬಾಡಿಗೆಗೆ ಬಂದು ತಿಂಗಳಾಗಿತ್ತು. ಅರಣ್ಯ ಇಲಾಖೆಯ ಕ್ಲರ್ಕು, ನಲವತ್ತರ ಹತ್ತಿರದ ಒಂಟಿ ಗಂಡಸು. ಮನೆಯಲ್ಲಿ ಅವನ ಜೊತೆಗಿದ್ದದ್ದು ಚಿಮಣಿ ಎಂಬ ಬೂದು ಬೆಕ್ಕು ಮತ್ತು ಅದರ ಮರಿ. ಎರಡಕ್ಕೂ ಪಕ್ಕದ ಗಂಗಾದೇವಿಯ ಮನೆಯ ಅಂಗಳವೆಂದರೆ ಪ್ರಾಣ. ಅಲ್ಲಿ ತಗಡಿನ ಡಬ್ಬಿಗಳಲ್ಲಿ ಪುದೀನ, ದೊಡ್ಡಪತ್ರಿ, ತುಳಸಿ ಸೊಂಪಾಗಿ ಬೆಳೆದಿದ್ದವು. ಗೋಡೆಯ ತುಂಬ ಕುಂಬಳದ ಬಳ್ಳಿ ಹಬ್ಬಿತ್ತು.

ಅಂದು ಬೆಳಿಗ್ಗೆ ಅವನು ಟವೆಲ್ಲಿನಲ್ಲಿ ಚಿಮಣಿಯನ್ನು ಸುತ್ತಿಕೊಂಡು ಅವಳ ಗೇಟಿನ ಬಳಿ ನಿಂತಿದ್ದ. ಬೆಕ್ಕಿನ ಬಾಯಲ್ಲಿ ನೊರೆ ಬಂದಿತ್ತು.

"ಗಿಡಾ ಕೆದರತೈತಂತ ಇಲಿ ಪಾಷಾಣ ಇಟ್ಟೀರೇನ್ರಿ?"

ಗಂಗಾದೇವಿಗೆ ಸಿಟ್ಟು ಬರಲಿಲ್ಲ. ಮೂರು ವರ್ಷದ ಹಿಂದೆ ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಅವಳಿಗೆ ಅಳುವೂ ಬಂದಿರಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಕಾದಳು, ಬರಲೇ ಇಲ್ಲ. ಉಪ್ಪು, ಹುಳಿ, ಖಾರ ಎಲ್ಲ ನಾಲಿಗೆಗೆ ಒಂದೇ ಆಯಿತು. ಕೈಗಾದರೂ ಕೆಲಸವಿರಲಿ ಎಂದು ಅತ್ತೆ ನಿಂಗವ್ವ ಹಚ್ಚಿಸಿದ ಗಿಡಗಳಿವು.

ಅವಳು ಅಂಗಳವನ್ನೆಲ್ಲ ನೋಡಿ, ಹಲ್ಲಿನ ಗುರುತಿದ್ದ ಎಲೆಯೊಂದನ್ನು ತಂದು ತೋರಿಸಿದಳು. "ಕಣಗಲ ತಿಂದೈತ್ರಿ. ಇದು ವಿಷ. ಬರ್ರಿ, ದನದ ದವಾಖಾನಿಗೆ ಹೋಗೂಣು."

ಆಟೋದಲ್ಲಿ ಬೆಕ್ಕಿನ ತಲೆ ಅವಳ ತೊಡೆಯ ಮೇಲಿತ್ತು. ಗುರುಪುತ್ರಪ್ಪ ದಾರಿಯುದ್ದಕ್ಕೂ ಅವಳ ಸ್ತಬ್ಧವಾದ ಮುಖ ನೋಡುತ್ತ, ಟವೆಲ್ಲಿನ ತುದಿಯಿಂದ ಬೆಕ್ಕಿನ ಬಾಯಿಯ ನೊರೆ ಒರೆಸುತ್ತಿದ್ದ.

ಚಿಮಣಿ ಉಳಿಯಿತು. ಮನೆಗೆ ಬಂದವಳೇ ಗಂಗಾದೇವಿ ಕಣಗಲದ ಗಿಡವನ್ನು ಬುಡಸಮೇತ ಕೀಳತೊಡಗಿದಳು. ಮದುವೆಯಾದ ವರ್ಷ ಗಂಡ ಲಿಂಗಪೂಜೆಯ ಹೂವಿಗೆಂದು ನೆಟ್ಟದ್ದು ಅದು. ಬಾಗಿಲಲ್ಲಿ ನಿಂತು ನೋಡಿದ ನಿಂಗವ್ವ ಒಳಗಿನಿಂದ ಗುದ್ದಲಿ ತಂದುಕೊಟ್ಟಳು. ಆ ಕುಣಿಯಲ್ಲಿ ಗುಲ್ಕಂದದ ಗುಲಾಬಿ ಹಚ್ಚಿದರು. ಗೋಡೆಯಾಚೆಯಿಂದ ಎಲ್ಲವನ್ನೂ ನೋಡಿದ ಗುರುಪುತ್ರಪ್ಪ ಸಂಜೆ ಬಂದು ತಲೆತಗ್ಗಿಸಿ ತಪ್ಪಾಯಿತೆಂದ.

ಆಮೇಲೆ ಭಾನುವಾರದ ಚಹಾಕ್ಕೆ ಅವನು ಬರುವುದು ರೂಢಿಯಾಯಿತು. ಅವಳು ಕುಂಬಳದ ಹೂವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯುವಳು. ಹಿಟ್ಟು ಮೆತ್ತಿದ ಅವಳ ಬೆರಳುಗಳ ಮೇಲೆ ಅವನ ಕಣ್ಣು ನಿಲ್ಲುವುದು. ಅವಳು ತಲೆಯೆತ್ತಿದರೆ ತಟ್ಟನೆ ಬೆಕ್ಕಿನ ಕಡೆ ತಿರುಗುವುದು. ನಿಂಗವ್ವ ಆಗ ಏನಾದರೂ ನೆಪ ತೆಗೆದು ಒಳಗೆ ಹೋಗುವಳು. ತನಗೆ ರುಚಿಯೇ ತಿಳಿಯುವುದಿಲ್ಲವೆಂದು ಒಮ್ಮೆ ಗಂಗಾದೇವಿ ಹೇಳಿದಳು. ಅಂದಿನಿಂದ ಅವನು, ಇವತ್ತು ಉಪ್ಪು ಕಡಿಮೆ, ಇವತ್ತು ಚಟ್ನಿ ಚುರುಕಾಗಿದೆ ಎಂದು ಪ್ರತಿಯೊಂದನ್ನೂ ತಿಂದು ಅವಳಿಗೆ ಹೇಳತೊಡಗಿದ. ಅವಳು ಸಾರಿಗೆ ಉಪ್ಪು ಹಾಕುವಾಗ ಅವನ ಮಾತು ನೆನಪಿಟ್ಟುಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನೂ ಅವಳೊಳಗೆ ಆಗಲಿಲ್ಲ.

ಬೇಸಿಗೆಯ ಕೊನೆಗೆ ಅವನಿಗೆ ಖಾನಾಪುರಕ್ಕೆ ವರ್ಗವಾಯಿತು. ಪುದೀನದ ಡಬ್ಬಿಗೆ ನೀರು ಹಾಕುತ್ತಿದ್ದವಳ ಹತ್ತಿರ ಬಂದು, ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ. ಅವಳು ತಂಬಿಗೆ ಕೆಳಗಿಟ್ಟಳು.

"ನನಗ ಏನೂ ಅನಸಂಗಿಲ್ರಿ. ನಿಮ್ಮ ಮ್ಯಾಲ ಸಿಟ್ಟಿಲ್ಲ, ಪ್ರೀತೀನೂ ಇಲ್ಲ. ಖರೇ ಹೇಳಾಕತ್ತೀನಿ. ನೀವು ಬಂದ್ರ ಬಂದೀರಿ ಅಂತ ಗೊತ್ತಾಕೈತಿ, ಅಷ್ಟ."

"ನನಗ ಅಷ್ಟ ಸಾಕ್ರಿ."

ಹಾಗಾದರೆ ಅತ್ತೆಯೂ ತನ್ನ ಜೊತೆ ಬರುತ್ತಾಳೆ ಎಂದಳು ಗಂಗಾದೇವಿ. ಬೆಕ್ಕು ಅಡಿಗೆಮನೆಗೆ ಕಾಲಿಡಕೂಡದು ಎಂದು ನಿಂಗವ್ವ ಒಳಗಿನಿಂದಲೇ ಕೂಗಿದಳು. ಅವನು ಎರಡಕ್ಕೂ ಒಪ್ಪಿದ.

ರಿಜಿಸ್ಟರ್ ಮದುವೆಯಾಗಿ, ಡಬ್ಬಿ, ಬೆಕ್ಕು ಎಲ್ಲವನ್ನೂ ರೈಲಿಗೇರಿಸಿಕೊಂಡು ಖಾನಾಪುರ ಸೇರಿದರು. ಅಲ್ಲಿಯ ಕೆಂಪು ಮಣ್ಣಿಗೆ ಗಿಡಗಳು ಬೇಗ ಹತ್ತಿದವು. ಗಂಗಾದೇವಿ ಮಾತ್ರ ಹಾಗೆಯೇ ಇದ್ದಳು. ಅವನು ಕೇಳಲೂ ಇಲ್ಲ, ಅವಸರ ಮಾಡಲೂ ಇಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ ಅವನು ಆಫೀಸಿನ ಕೆಲಸಕ್ಕೆ ಬೆಳಗಾವಿಗೆ ಹೋದ. ಬರಬೇಕಾದ ಬಸ್ಸಿಗೆ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಚಟ್ನಿಗೆ ಪುದೀನ ಬಿಡಿಸುತ್ತಿದ್ದ ಗಂಗಾದೇವಿಗೆ ಎಲೆ ಕೈಗೆ ಸಿಗದಂತಾಯಿತು. ಪುದೀನವನ್ನು ಹಾಗೆಯೇ ಬಿಟ್ಟು ಎದ್ದಳು. ಕೊಡೆಯನ್ನೂ ಹಿಡಿಯದೆ ಅವಳು ಸ್ಟ್ಯಾಂಡಿಗೆ ಓಡಿದಳು.

ದೀಪ ಹಚ್ಚುವ ಹೊತ್ತಿಗೆ ಬಸ್ಸು ಬಂತು. ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಇಳಿದವನು, ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದನ್ನು ಹೇಳತೊಡಗಿದ. ಅವಳು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಂಜಿಕಿ ಬಂತ್ರಿ ನನಗ," ಎಂದಳು. ಅಳು ಒತ್ತರಿಸಿ ಬರುತ್ತಿತ್ತು. "ಭಾಳ ಅಂಜಿಕಿ ಬಂತು."

ಸ್ಟ್ಯಾಂಡಿನ ಮಂದಿ ತಿರುಗಿ ನೋಡಿದರು. ಅವನು ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟು ಅಳು ಇಳಿಯುವವರೆಗೆ ಹಾಗೆಯೇ ನಿಂತ. ಈವರೆಗೆ ಅವಳನ್ನು ಬಹುವಚನದಲ್ಲಲ್ಲದೆ ಕರೆಯದವನು ಮೆಲ್ಲಗೆ ಹೇಳಿದ:

"ನಡಿ ಗಂಗಾ, ಮನಿಗೆ ಹೋಗೂಣು."